ಕಾನಿನೊಡನೆ ಹೊಕ್ಕುಬಳಕೆ

ಎರಡು ವರ್ಷದ ಹಿಂದೆ, ಮಳೆಗಾಲದ ಆರಂಭದಲ್ಲಿ, ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗಳು ಮನೆಯ ಹಿಂದಿನ ಕಾನಿಗೆ ಒಬ್ಬಳೇ ಹೋಗಿ ಒಂದು ತಾಸಿನಲ್ಲಿ ತಿರುಗಿ ಬಂದಳು. ಜಗಲಿಯ ಮೇಲೆ ಕುಳಿತು ಕಾಲಿನ ಉಂಬಳ (ಜಿಗಣೆ) ಬಿಡಿಸಿಕೊಳ್ಳುತ್ತ, "ಚಿಕ್ಕಮ್ಮ, ಕಾಡಿಗೆ ಹೋದರೆ ಮನಸ್ಸು ತುಂಬಿ ಬರುತ್ತದೆ, ದೇವರ ಎದುರು ನಿಂತ ಹಾಗಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಏನೂ ಆಗಲಿಲ್ಲವಲ್ಲ. ಸೆಕೆಯಾಯಿತು, ಕಾಲು ಜಾರಿತು, ಅಷ್ಟೇ" ಎಂದಳು. ಅವಳ ಮುಖ ಸಪ್ಪಗಾಗಿತ್ತು. ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಂಡಿದ್ದಳು.

ಅವಳಿಗೆ ಅಂದು ಹೇಳಿದ್ದನ್ನು, ಆಮೇಲೆ ಬಂದಾಗಲೆಲ್ಲ ಒಂದೊಂದಾಗಿ ಹೇಳಿಕೊಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೀಗೆ ಕೇಳುವವರು ಅವಳೊಬ್ಬಳೇ ಅಲ್ಲ ಎಂದು ನನಗೆ ಗೊತ್ತು.

ನಮ್ಮ ಮನೆ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಒಂದು ಒಳ ಊರಿನಲ್ಲಿದೆ. ಅಡಿಕೆ ತೋಟದ ಮೇಲ್ಗಡೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಅದನ್ನು ದಾಟಿದರೆ ಕಾನು. ಎಲೆಯುದುರದ, ಮಧ್ಯಾಹ್ನವೂ ಮಬ್ಬಾಗಿರುವ, ನೀರಿನ ಒರತೆಯಿರುವ ದಟ್ಟ ಕಾಡಿಗೆ ನಮ್ಮ ಸೀಮೆಯಲ್ಲಿ ಕಾನು ಎನ್ನುತ್ತೇವೆ. ನಾನು ಮದುವೆಯಾಗಿ ಹೋದವಳಲ್ಲ, ತವರಿನಲ್ಲೇ ಉಳಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ಈಗ ನಿವೃತ್ತಳಾಗಿದ್ದೇನೆ. ಕಾನಿನ ಅಂಚಿನಲ್ಲೇ ಹುಟ್ಟಿ ಬೆಳೆದರೂ ಅದರ ಒಳಗೆ ಸುಮ್ಮನೆ ಕುಳಿತುಕೊಳ್ಳುವುದನ್ನು ಕಲಿತದ್ದು ಐವತ್ತು ದಾಟಿದ ಮೇಲೆ. ಅದು ಹೇಗಾಯಿತೆಂದು ಮುಂದೆ ಹೇಳುತ್ತೇನೆ.

ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಮಾತು ಇದು. ನೆಂಟಸ್ತಿಕೆ ಹೋಗಿ ಬಂದು ಮಾಡಿದರೆ ಉಳಿಯುತ್ತದೆ. ಹತ್ತು ವರ್ಷಕ್ಕೊಮ್ಮೆ ಮದುವೆ ಮನೆಯಲ್ಲಿ ಕಂಡವರು ಎಷ್ಟೇ ಹತ್ತಿರದ ಸಂಬಂಧವಾದರೂ "ಚೆನ್ನಾಗಿದ್ದೀರಾ" ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ದಿನಾ ಬೇಲಿಯ ಆಚೆಯಿಂದ ಮಾತನಾಡಿಸುವವರು ಯಾವ ಸಂಬಂಧವೂ ಇಲ್ಲದೆ ಸ್ವಂತದವರಾಗಿರುತ್ತಾರೆ. ಇದಕ್ಕೆ ಹೊಕ್ಕುಬಳಕೆ ಎಂಬ ಒಳ್ಳೆಯ ಮಾತಿದೆ. ಕಾಡಿಗೂ ಅದೇ ರೀತಿ ನಡೆದುಕೊಳ್ಳಬೇಕು. ವರ್ಷಕ್ಕೆ ಹತ್ತು ಬೇರೆ ಬೇರೆ ಕಾಡುಗಳನ್ನು ನೋಡಿ ಬರುವುದಕ್ಕಿಂತ ಒಂದೇ ಕಾಡಿನ ಒಂದೇ ಜಾಗಕ್ಕೆ ಹತ್ತು ಸಲ ಹೋಗಿ. ನಾನು ಹೇಳಿಕೊಡಬಲ್ಲ ಉಪಾಯಗಳೆಲ್ಲ ಈ ಒಂದು ಮಾತಿಗೆ ಕಟ್ಟಿಕೊಂಡಿವೆ.

ಆದ್ದರಿಂದ ಹತ್ತಿರದ ಜಾಗವನ್ನೇ ಆರಿಸಿಕೊಳ್ಳಿ. ಪಶ್ಚಿಮಘಟ್ಟದ ದಟ್ಟ ಕಾಡೇ ಬೇಕೆಂದು ಹಟ ಹಿಡಿದರೆ ಬೆಂಗಳೂರಿನವರಿಗೆ ವರ್ಷಕ್ಕೆ ಎರಡು ಸಲ ಸಿಕ್ಕರೆ ಹೆಚ್ಚು. ತುರಹಳ್ಳಿಯ ಕುರುಚಲು ಕಾಡಿನ ಬಂಡೆ, ಊರ ಕೆರೆಯ ಏರಿಯ ಮೇಲಿನ ಅರಳಿಮರ, ಯಾವುದಾದರೂ ಆಗುತ್ತದೆ. ವಾರಕ್ಕೊಮ್ಮೆ ಹೋಗಲು ಸಾಧ್ಯವಾಗುವಂತಿರಬೇಕು. ಅಭಯಾರಣ್ಯ, ಮೀಸಲು ಅರಣ್ಯಗಳಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನು ತಪ್ಪಿಸಬೇಡಿ. ಆನೆಯಿರುವ ಕಡೆ ಒಬ್ಬರೇ ಹೋಗಲೇಬೇಡಿ.

ಇನ್ನು ಹೊರಡುವ ಸಿದ್ಧತೆ. ದೇಹಕ್ಕೆ ಕಿರಿಕಿರಿಯಾಗುತ್ತಿದ್ದರೆ ಮನಸ್ಸು ಎಲ್ಲಿಯೂ ನಿಲ್ಲುವುದಿಲ್ಲ. ಉದ್ದ ತೋಳಿನ ಹತ್ತಿಯ ಅಂಗಿ, ಕಾಲು ಮುಚ್ಚುವ ಬಟ್ಟೆ, ಹಿಡಿತವಿರುವ ಪಾದರಕ್ಷೆ, ಒಂದು ಬಾಟಲಿ ನೀರು. ಬಣ್ಣ ಕಣ್ಣಿಗೆ ಹೊಡೆಯುವಂತಿರಬಾರದು. ಘಮಘಮಿಸುವ ಎಣ್ಣೆ, ಸೆಂಟು ಹಚ್ಚಿಕೊಂಡು ಹೋದರೆ ನಿಮ್ಮ ಮೂಗಿಗೆ ನಿಮ್ಮದೇ ವಾಸನೆ ಬಿಟ್ಟು ಬೇರೆ ಯಾವುದೂ ಸಿಗುವುದಿಲ್ಲ. ಮಳೆಗಾಲದಲ್ಲಿ ಉಂಬಳಕ್ಕೆ ನಮ್ಮದು ಹಳೆಯ ಉಪಾಯ: ಬಟ್ಟೆಯ ತುಂಡಿನಲ್ಲಿ ಉಪ್ಪು ಕಟ್ಟಿ, ಗಂಟನ್ನು ಕೋಲಿನ ತುದಿಗೆ ಬಿಗಿದು, ಕಚ್ಚಿದ ಉಂಬಳಕ್ಕೆ ತಾಗಿಸುವುದು. ತಾನಾಗಿ ಬಿಡುತ್ತದೆ. ಕೈಯಿಂದ ಕಿತ್ತರೆ ತುರಿಕೆ ನಾಲ್ಕು ದಿನ ಕಾಡುತ್ತದೆ. ಉಂಬಳ ಜೀವಕ್ಕೆ ಅಪಾಯವಲ್ಲ, ಹೇಸಬೇಡಿ.

ದನದ ಮೈಗೆ ಕಚ್ಚಿಕೊಂಡಿರುವ ಸಣ್ಣ ಹುಳ, ಉಣುಗು, ಅದರ ಮಾತು ಬೇರೆ. ಮಲೆನಾಡಿನವರು, ಮಲೆನಾಡಿಗೆ ಬರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಪತ್ತೆಯಾದ, ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆ ಇವತ್ತಿಗೂ ಹೋಗಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರು ಅದರಿಂದ ಜೀವ ಕಳೆದುಕೊಂಡರು. ಮಳೆ ಮುಗಿದ ಮೇಲೆ, ನವೆಂಬರ್ ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. ಆ ತಿಂಗಳುಗಳಲ್ಲಿ ಕಾಯಿಲೆಯ ಸುದ್ದಿಯಿರುವ ಕಾಡಿಗೆ ಹೋಗಬೇಡಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಇಲಾಖೆಗೆ ತಿಳಿಸಿ. ಯಾವ ಕಾಡಿನಿಂದ ಬಂದರೂ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಮೊಣಕಾಲಿನ ಹಿಂದೆಲ್ಲ ನೋಡಿಕೊಳ್ಳಿ. ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ ಹೊರಡಬೇಕು. ಮೊಬೈಲ್ ಇರಲಿ, ಆದರೆ ಆರಿಸಿ ಚೀಲದ ತಳದಲ್ಲಿ ಇಟ್ಟುಬಿಡಿ. ಫೋಟೋ ತೆಗೆಯುವ ಆಸೆಯಿದ್ದರೆ ಅದಕ್ಕೆ ಬೇರೊಂದು ದಿನ ಹೋಗಿ. ಎರಡನ್ನೂ ಒಟ್ಟಿಗೆ ಮಾಡಲು ನನಗಂತೂ ಆಗಿಲ್ಲ.

ನಮ್ಮ ಕಾನಿನ ಬಾಯಲ್ಲಿ, ಸೊಪ್ಪಿನಬೆಟ್ಟ ಮುಗಿಯುವಲ್ಲಿ, ಒಂದು ಮೊಳದಷ್ಟು ಎತ್ತರದ ಕಲ್ಲಿದೆ. ಅದು ಹುಲಿಯಪ್ಪ. ದೀಪಾವಳಿಯಲ್ಲಿ ದನ ಕಾಯುವವರು ಅಲ್ಲಿ ಕಾಯಿ ಒಡೆಯುತ್ತಾರೆ. ನನ್ನ ಅಜ್ಜಿ ಉಪ್ಪಾಗೆ ಎಂಬ ಹುಳಿ ಕಾಯಿ ಆರಿಸಲು ಹೋಗುವಾಗ ಆ ಕಲ್ಲಿನ ಎದುರು ನಿಲ್ಲದೆ ಒಂದು ದಿನವೂ ಒಳಗೆ ಕಾಲಿಟ್ಟವರಲ್ಲ. ಕೈಗೆ ಸಿಕ್ಕ ಒಂದು ಹಸಿರೆಲೆಯನ್ನು ಕಲ್ಲಿನ ಮೇಲಿಟ್ಟು, "ಒಳಗೆ ಬರುತ್ತೇನಪ್ಪ" ಎನ್ನುತ್ತಿದ್ದರು. ಬರುವಾಗ "ಹೋಗಿ ಬರುತ್ತೇನೆ" ಎನ್ನುತ್ತಿದ್ದರು. ಚಿಕ್ಕವಳಾಗಿದ್ದಾಗ ನನಗೆ ಅದು ಹುಲಿಯ ಹೆದರಿಕೆಯಿಂದ ಬಂದ ಪದ್ಧತಿ ಎನಿಸಿತ್ತು. ಶಿಕ್ಷಕಿಯಾದ ಮೇಲೆ, ಈಸ್ಟ್ ಇಂಡಿಯಾ ಕಂಪನಿಗಾಗಿ ಈ ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬರೆದದ್ದನ್ನು ಓದಿದೆ. 1801ರ ಸುಮಾರಿಗೆ ನಮ್ಮ ಜಿಲ್ಲೆಯಲ್ಲಿ ಓಡಾಡಿದ್ದ ಆತ, ಇಲ್ಲಿನ ಕಾಡುಗಳು ಆಯಾ ಊರಿನ ದೇವರ ಸೊತ್ತು, ಪೂಜಾರಿಯೂ ಆಗಿರುವ ಊರ ಗೌಡನನ್ನು ಕೇಳದೆ ಮರ ಕಡಿಯುವಂತಿಲ್ಲ ಎಂದು ದಾಖಲಿಸಿದ್ದಾನೆ. ಇದು ಸರಕಾರ ಕಾಡಿನ ಮೇಲೆ ಹಕ್ಕು ಸಾಧಿಸದಂತೆ ಹೂಡಿದ ಉಪಾಯವೆಂದು ಆತನಿಗೆ ತೋರಿತ್ತು. ಕೊಡಗಿನಲ್ಲಿ ಇಂದಿಗೂ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಅಯ್ಯಪ್ಪನ ಕಾಡಿನಲ್ಲಿ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಇಡುತ್ತಾರೆ. ಅಜ್ಜಿ ಇಟ್ಟ ಎಲೆಯ ಹಿಂದೆ ಇಷ್ಟು ದೊಡ್ಡ ನಡವಳಿಕೆಯೊಂದು ನಿಂತಿತ್ತು: ಈ ಮನೆಗೆ ಒಡೆಯರಿದ್ದಾರೆ, ನಾನು ಬಂದವಳು.

ನೀವು ದೇವರನ್ನು ನಂಬುತ್ತೀರೋ ಇಲ್ಲವೋ, ಕಾಡಿನ ಬಾಗಿಲಲ್ಲಿ ನಿಂತು ಕೇಳುವುದನ್ನು ಬಿಡಬೇಡಿ. ಎಲ್ಲಾದರೂ ಒಂದು ಗುರುತು ಮಾಡಿಕೊಳ್ಳಿ, ಒಂದು ಬಂಡೆಯೋ ಮೊದಲ ದೊಡ್ಡ ಮರವೋ. ಅಲ್ಲಿ ನಿಂತು ಮೂರು ಸಲ ನಿಧಾನವಾಗಿ ಉಸಿರಾಡಿ, ಮನಸ್ಸಿನಲ್ಲೋ ಬಾಯಿಬಿಟ್ಟೋ ಅನುಮತಿ ಕೇಳಿ. ಅಲ್ಲಿಯವರೆಗೆ ದಾರಿ ನಿಮ್ಮದು. ಅಲ್ಲಿಂದ ಮುಂದೆ ನಡಿಗೆ ತಾನಾಗಿ ಬದಲಾಗುತ್ತದೆ, ದನಿ ತಗ್ಗುತ್ತದೆ. ನಾನು ಪ್ರತಿ ಸಲವೂ ಇದನ್ನು ಗಮನಿಸಿದ್ದೇನೆ.

ಒಳಗೆ ಹೋದ ಮೇಲೆ ಬಹಳ ನಡೆಯಬೇಡಿ. ಇನ್ನೂರು ಮುನ್ನೂರು ಹೆಜ್ಜೆ ಸಾಕು. ಕುಳಿತುಕೊಳ್ಳುವ ಜಾಗವನ್ನು ಕೋಲಿನಿಂದ ತಟ್ಟಿ, ಎಲೆ ಸರಿಸಿ, ಹಾವು, ಇರುವೆಯ ಗೂಡು ಇಲ್ಲವೆಂದು ಖಚಿತ ಮಾಡಿಕೊಂಡು, ಬೆನ್ನಿಗೆ ಮರ ಬರುವ ಹಾಗೆ ಕುಳಿತುಕೊಳ್ಳಿ. ಬೆನ್ನಿಗೆ ಏನಾದರೂ ಆನಿಸಿದ್ದರೆ ಮನಸ್ಸು ಬೇಗ ಅಂಜಿಕೆ ಬಿಡುತ್ತದೆ. ಹೊತ್ತು ಮುಂಜಾನೆಯದಾದರೆ ಒಳ್ಳೆಯದು.

ಮೊದಲ ಕಾಲು ತಾಸು ಏನೂ ಆಗುವುದಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಂದೆನೇ, ಸೊಸೈಟಿಯ ಕಂತು ಯಾವತ್ತು ಎಂದು ತಲೆ ಓಡುತ್ತಲೇ ಇರುತ್ತದೆ. ಓಡಲಿ. ನೀವು ಬಂದ ಸದ್ದಿಗೆ ಸುಮ್ಮನಾದ ಹಕ್ಕಿಗಳೂ ಆ ಹೊತ್ತಿನಲ್ಲಿ ನಿಮ್ಮನ್ನೇ ನೋಡುತ್ತಿರುತ್ತವೆ. ಎದ್ದು ಹೋಗುವವರೆಲ್ಲ ಎದ್ದು ಹೋಗುವುದು ಈ ಹೊತ್ತಿನಲ್ಲೇ. ನನ್ನ ಅಕ್ಕನ ಮಗಳು ಅಂದು ಐದು ಕಡೆ ಐದೈದು ನಿಮಿಷ ನಿಂತು ಬಂದಿದ್ದಳು. ಒಂದೇ ಕಡೆ ಇಪ್ಪತ್ತೈದು ನಿಮಿಷ ಕುಳಿತಿದ್ದರೆ ಕಾನು ಅವಳನ್ನು ಮರೆತು ತನ್ನ ಕೆಲಸಕ್ಕೆ ಹಿಂದಿರುಗುತ್ತಿತ್ತು. ಆ ಮರೆಯುವಿಕೆಗಾಗಿ ಕಾಯಬೇಕು. ಮೊದಲು ಭೀಮರಾಜ ಬಾಯಿಬಿಡುತ್ತದೆ. ಬೇರೆ ಹಕ್ಕಿಗಳ ಕೂಗನ್ನೆಲ್ಲ ಕದ್ದು ತನ್ನದಾಗಿಸಿಕೊಂಡಿರುವ ಹಕ್ಕಿ ಅದು, ಒಂದೇ ಕೊಂಬೆಯಿಂದ ನಾಲ್ಕು ದನಿ ಕೇಳಿಸಿ ನಿಮ್ಮನ್ನು ಏಮಾರಿಸಬಹುದು. ಆಮೇಲೆ ಮೇಲಿನಿಂದ ಕೆಂದಳಿಲು ಕಚ್ಚಿ ಎಸೆದ ಸಿಪ್ಪೆ ಟಪಕ್ಕೆಂದು ಪಕ್ಕದಲ್ಲಿ ಬೀಳುತ್ತದೆ.

ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ ಕೊಡಿ. ಕಣ್ಣು ಮುಚ್ಚಿ, ಎಲ್ಲಕ್ಕಿಂತ ಹತ್ತಿರದ ಸದ್ದು ಯಾವುದು ಹುಡುಕಿ. ನನ್ನ ಉಸಿರು. ಅದರಾಚೆಯದು? ಒಣಗಿದೆಲೆಯ ಮೇಲೆ ಇರುವೆಯ ಸಾಲು, ಹೌದು, ಅದಕ್ಕೂ ಸದ್ದಿದೆ, ಒಂದು ವಾರ ಕಿವಿ ಕೊಟ್ಟರೆ ಕೇಳುತ್ತದೆ. ಅದರಾಚೆ ನೀರು. ಅದರಾಚೆ ಜೀರುಂಡೆ. ಅದರಾಚೆ, ಬಹಳ ದೂರದಲ್ಲಿ, ಮಂಗಟ್ಟೆಯ ರೆಕ್ಕೆ ಗಾಳಿಯನ್ನು ಸೀಳುವ ಭಸ್ ಭಸ್. ಹೀಗೆ ಸುತ್ತು ಸುತ್ತಾಗಿ ಕಿವಿಯನ್ನು ಹಿಗ್ಗಿಸುತ್ತ ಹೋದಾಗ ಒಂದು ಕ್ಷಣ ಬರುತ್ತದೆ: ಎಲ್ಲ ಸದ್ದುಗಳೂ ಒಟ್ಟಿಗೆ ಕೇಳಿಸುತ್ತವೆ, ಕೇಳುವವಳು ಎಲ್ಲಿದ್ದಾಳೆ ಎಂಬುದು ಮಸುಕಾಗುತ್ತದೆ. ನನ್ನ ಮಟ್ಟಿಗೆ ಆಧ್ಯಾತ್ಮ ಎಂದರೆ ಅದು. ಅರ್ಧ ನಿಮಿಷವಿದ್ದರೆ ಪುಣ್ಯ.

ಮೈಯನ್ನು ಕುಳಿತಲ್ಲಿಟ್ಟು ಕಣ್ಣನ್ನು ನೆಲಕ್ಕಿಳಿಸುವುದು ಎರಡನೆಯ ಅಭ್ಯಾಸ. ಎರಡು ಗೇಣು ಚೌಕದಷ್ಟು ನೆಲ ಸಾಕು. ನಾನು ಕುಳಿತುಕೊಳ್ಳುವ ಜಾಗದ ಕೆಳಗೆ ಒಂದು ಜಡ್ಡಿಯಿದೆ, ವರ್ಷವಿಡೀ ನೀರು ಜಿನುಗುವ ಜೌಗು. ಅಲ್ಲಿ ರಾಮಪತ್ರೆಯ ಕುಲದ ಮರಗಳಿವೆ. ಕೆಸರಿನಲ್ಲಿ ಬೇರಿಗೆ ಉಸಿರು ಸಿಗದ ಕಾರಣ ಅವುಗಳ ಬೇರು ಮಣ್ಣಿನಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗಿಳಿಯುತ್ತದೆ. ಮೇಲೆದ್ದ ಆ ಬಾಗಿನಿಂದ ಮರ ಉಸಿರಾಡುತ್ತದೆ. ಒಂದು ಬೆಳಿಗ್ಗೆ ಅಂಥ ಒಂದು ಬೇರನ್ನೇ ನೋಡುತ್ತ ಕುಳಿತಿದ್ದೆ. ಬೇರಿನ ಮೇಲ್ಗಡೆ ತೊಗಟೆಯ ಸಣ್ಣ ಸಣ್ಣ ಬಾಯಿಗಳು. ಒಂದು ಬದಿಗೆ ಮಾತ್ರ ಪಾಚಿ, ಪಾಚಿಯ ತುದಿಗಳಲ್ಲಿ ಸೂಜಿಮೊನೆಯಷ್ಟು ಹನಿಗಳು, ಪ್ರತಿ ಹನಿಯಲ್ಲಿ ತಲೆಕೆಳಗಾದ ಬೆಳಕಿನ ಕಿಂಡಿ. ಒಂದು ಬಸವನಹುಳು ಆ ಬಾಗನ್ನು ಹತ್ತಲು ತೊಡಗಿತು. ಮೇಲೆ ಮುಟ್ಟುವಷ್ಟರಲ್ಲಿ ನಾನು ಎಷ್ಟು ಸಲ ಉಸಿರಾಡಿದೆನೋ, ಅದೇ ಗಾಳಿಯನ್ನು ಎದುರಿನ ಮರವೂ ಆ ಮೊಣಕಾಲಿನಿಂದ ಎಳೆದುಕೊಂಡಿತ್ತು. ಪಾಠದಲ್ಲಿ ನೂರು ಸಲ ಹೇಳಿಕೊಟ್ಟ ಸಂಗತಿ ಅಂದು ಎದೆಗೆ ಇಳಿಯಿತು.

ನಮ್ಮ ತಾಲ್ಲೂಕಿನ ಕತ್ತಲೆಕಾನಿನ ಇಂಥದೇ ನೀರಿನ ಜಾಗದಿಂದ 2014ರಲ್ಲಿ ವಿಜ್ಞಾನಿಗಳು ಒಂದು ಹೊಸ ಕಪ್ಪೆಯನ್ನು ಲೋಕಕ್ಕೆ ಪರಿಚಯಿಸಿದರು. ಹೆಣ್ಣು ಕಡ್ಡಿಗೆ ಮೊಟ್ಟೆ ಅಂಟಿಸಿ ಹೋದ ಮೇಲೆ ಗಂಡು ಮುಂಗಾಲುಗಳಿಂದ ಕೆಸರು ಎತ್ತಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಅದಕ್ಕೆ ಕುಂಬಾರ ಕಪ್ಪೆ ಎಂದು ಹೆಸರಿಟ್ಟರು. ನಾವು ಹುಟ್ಟುವ ಎಷ್ಟೋ ಮೊದಲಿನಿಂದ ಪ್ರತಿ ಮಳೆಗಾಲದ ರಾತ್ರಿ ಅದು ಆ ಕೆಲಸ ಮಾಡುತ್ತಲೇ ಬಂದಿದೆ. ಇದನ್ನು ತಿಳಿದ ದಿನ ನನಗೆ ದೇವಸ್ಥಾನದಲ್ಲಿ ಬಾಗುವುದಕ್ಕಿಂತ ಹೆಚ್ಚು ತಲೆ ಬಾಗಿತು. ಆದ್ದರಿಂದ ತಿಳಿವಳಿಕೆ ಭಕ್ತಿಗೆ ಅಡ್ಡ ಎನ್ನುವವರ ಮಾತು ಕೇಳಬೇಡಿ. ಮರದ ಹೆಸರು, ಹಕ್ಕಿಯ ಹೆಸರು ಕಲಿಯಿರಿ. ಪುಸ್ತಕಕ್ಕಿಂತ ಮೊದಲು ಊರಿನವರನ್ನು ಕೇಳಿ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತಿರುತ್ತದೆ, ಬೈನೆಯ ಎಲೆ ಮೀನಿನ ಬಾಲದಂತಿರುತ್ತದೆ, ದಾಲ್ಚಿನ್ನಿಯ ಎಲೆಯನ್ನು ಉಜ್ಜಿದರೆ ಬೆರಳಿಗೆ ಪಲಾವಿನ ಘಮ ಅಂಟುತ್ತದೆ. ಹೆಸರು ಹಿಡಿದು ಕರೆಯಲು ಬರದವರನ್ನು ನಾವು ನೆಂಟರೆಂದು ಹೇಳುವುದುಂಟೇ?

ಈಗ ನನ್ನ ಮರದ ಮಾತು.

ನನ್ನ ಅಮ್ಮನ ಬಳಿ ಒಂದು ಹಸಿರು ತಗಡಿನ ಟ್ರಂಕು ಇತ್ತು. ಅದರಲ್ಲಿ ಅವರ ಧಾರೆಸೀರೆ, ನಾಲ್ಕು ಒಳ್ಳೆಯ ಸೀರೆ. ಪದರದ ನಡುವೆ ಒಣಗಿದ ಸುರಗಿ ದಂಡೆ. ಸುರಗಿ ಹೂವಿನ ಗುಣ ಅದು, ಒಣಗಿ ಕಂದುಬಣ್ಣಕ್ಕೆ ತಿರುಗಿದರೂ ಪರಿಮಳ ಬಿಡುವುದಿಲ್ಲ. ಕಾನಿನ ಒಳಗೆ, ಜಡ್ಡಿಗಿಂತ ಸ್ವಲ್ಪ ಮೇಲೆ ಒಂದು ಹಳೆಯ ಸುರಗಿ ಮರವಿದೆ. ಫೆಬ್ರುವರಿ ಮಾರ್ಚಿನಲ್ಲಿ ಅದು ಹೂ ಬಿಡುತ್ತದೆ. ಎಳೆಯ ಕೊಂಬೆಯ ತುದಿಯಲ್ಲಲ್ಲ, ಹಳೆಯ ಗೆಲ್ಲುಗಳಿಗೇ ಅಂಟಿಕೊಂಡು ಗುಂಡು ಗುಂಡಾದ ಮೊಗ್ಗು. ಅರಳಿದರೆ ಕಟ್ಟಲು ಬಾರದೆಂದು ಅಮ್ಮ ನಸುಕಿನಲ್ಲೇ ನನ್ನನ್ನು ಎಬ್ಬಿಸಿ ಕರೆದೊಯ್ಯುತ್ತಿದ್ದರು. ಬುಡಕ್ಕೆ ಹಳೆಯ ಸೀರೆ ಹಾಸಿ, ದೋಟಿಯಿಂದ ಮೆಲ್ಲಗೆ ತಟ್ಟುತ್ತಿದ್ದರು.

2016ರ ಮಾರ್ಚಿನಲ್ಲಿ ಅಮ್ಮ ತೀರಿಕೊಂಡರು. ಹದಿಮೂರು ದಿನವೂ ಮನೆ ತುಂಬ ಜನ, ಅಡುಗೆ, ಭಟ್ಟರು, ಬಂದವರಿಗೆ ಹಾಸಿಗೆ. ನನಗೆ ಒಂದು ಹನಿ ಕಣ್ಣೀರು ಬರಲಿಲ್ಲ. ಎಲ್ಲರೂ ಹೋದ ಮರುದಿನ ಟ್ರಂಕು ತೆರೆದೆ. ವಾಸನೆ ಮುಖಕ್ಕೆ ಬಡಿಯಿತು. ಮುಚ್ಚಳವನ್ನು ಹಾಗೆಯೇ ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಕಾನಿಗೆ ಹೋದೆ. ಮರಕ್ಕೆ ಇನ್ನೂ ನೂರು ಹೆಜ್ಜೆ ಇರುವಾಗಲೇ ಗುಂಯ್ ಎನ್ನುವ ಸದ್ದು ಕೇಳಿಸಿತು, ದೇವಸ್ಥಾನದ ಒಳಗೆ ಗಂಟೆ ಹೊಡೆದು ನಿಂತ ಮೇಲೆ ಉಳಿಯುತ್ತದಲ್ಲ, ಅಂಥ ಸದ್ದು. ಮರದ ತುಂಬ ಜೇನುಹುಳ. ಆ ವರ್ಷ ಮೊಗ್ಗು ಕೀಳುವವರಿಲ್ಲದೆ ಎಲ್ಲ ಅರಳಿ, ಬುಡದ ನೆಲವೆಲ್ಲ ಉದುರಿದ ಹೂವಿನಿಂದ ಹಳದಿ ಬಿಳಿಯಾಗಿತ್ತು. ಅದರ ಮೇಲೆಯೇ ಕುಳಿತುಬಿಟ್ಟೆ. ಬೆನ್ನನ್ನು ಮರಕ್ಕೆ ಆನಿಸಿದಾಗ ಜೇನಿನ ಗುಂಯ್‌ಗುಡುವಿಕೆ ಮರದೊಳಗಿನಿಂದಲೇ ಬೆನ್ನಿಗೆ ಇಳಿದಂತಾಯಿತು. ಆಗ ಅಳು ಬಂತು. ಎಷ್ಟು ಹೊತ್ತು ಅತ್ತೆನೋ ತಿಳಿಯದು. ಜೇನು ತನ್ನ ಕೆಲಸ ಮಾಡುತ್ತಿತ್ತು, ಹೂ ತಲೆಯ ಮೇಲೆ ಉದುರುತ್ತಿತ್ತು. ಯಾರೂ ನನಗೆ ಸಮಾಧಾನ ಹೇಳಲಿಲ್ಲ. ನನಗೆ ಬೇಕಾಗಿದ್ದದ್ದೂ ಅದೇ.

ಮರುದಿನವೂ ಹೋದೆ. ಅದರ ಮರುದಿನವೂ. ಹೂ ಮುಗಿದ ಮೇಲೂ ಹೋಗುವುದು ನಿಲ್ಲಲಿಲ್ಲ.

ದುಃಖವಿದ್ದರೆ ಅದನ್ನು ಮನೆಯಲ್ಲಿ ಬಿಟ್ಟು ಪ್ರಸನ್ನರಾಗಿ ಕಾಡಿಗೆ ಹೋಗಬೇಕೆಂದು ತಿಳಿಯಬೇಡಿ. ಜೊತೆಗೇ ಒಯ್ಯಿರಿ. ಕಾಡಿನಲ್ಲಿ ಅರ್ಧಕ್ಕರ್ಧ ಸತ್ತದ್ದೇ ಇದೆ. ಬಿದ್ದ ಮರ, ಕೊಳೆತ ಎಲೆ, ಖಾಲಿ ಚಿಪ್ಪು, ಅದರ ಮೇಲೆಯೇ ಸಸಿ. ಅಲ್ಲಿ ನಿಮ್ಮ ನೋವು ಅಸ್ವಾಭಾವಿಕವಾಗಿ ಎದ್ದು ಕಾಣುವುದಿಲ್ಲ.

ಹೆದರಿಕೆಯ ವಿಚಾರವನ್ನೂ ಹೇಳಬೇಕು. ಒಮ್ಮೆ ಮೇ ಕೊನೆಯ ಒಂದು ಮಧ್ಯಾಹ್ನ ಮೋಡ ಕವಿದು ಕಾನು ಇದ್ದಕ್ಕಿದ್ದಂತೆ ಕತ್ತಲಾಯಿತು. ಅಷ್ಟು ಹೊತ್ತು ಕಿವಿ ತೂತಾಗುವಂತೆ ಕೂಗುತ್ತಿದ್ದ ಜೀರುಂಡೆಗಳೆಲ್ಲ ಒಂದೇ ಏಟಿಗೆ ನಿಂತವು. ಮೈಯ ರೋಮವೆಲ್ಲ ಎದ್ದು ನಿಂತಿತು. ಓಡಬೇಕೆನಿಸಿತು. ಅಜ್ಜಿ ಹೇಳುತ್ತಿದ್ದ ಮಾತು ನೆನಪಾಯಿತು: "ಕಾನಿಗೆ ಭಯಭಕ್ತಿಯಿಂದ ಹೋಗಬೇಕು ಮಗಳೇ." ಭಯಭಕ್ತಿ ಎಂದು ಒಟ್ಟಿಗೆ ಹೇಳುತ್ತೇವಲ್ಲ, ಆ ಎರಡು ಪದಗಳನ್ನು ಯಾಕೆ ಜೋಡಿಸಿದ್ದಾರೆಂದು ಅಂದು ತಿಳಿಯಿತು. ಮರದ ಮೇಲೆ ಅಂಗೈಯಿಟ್ಟು ನಿಂತೆ. ಎರಡು ನಿಮಿಷದ ನಂತರ ಮಳೆಯ ಮೊದಲ ಹನಿಗಳು ಮೇಲಿನ ಎಲೆಗಳಿಗೆ ಬಿದ್ದ ಸದ್ದು ಕೇಳಿಸಿತು, ನನ್ನ ತಲೆಗೆ ಬೀಳಲು ಇನ್ನೂ ಎಷ್ಟೋ ಹೊತ್ತು ಬೇಕಾಯಿತು. ಆ ನಡುವಿನ ಹೊತ್ತನ್ನು ನಾನು ಮರೆಯಲಾರೆ. ಇಂಥ ಹೆದರಿಕೆ ಬಂದಾಗ ನಿಂತು ನೋಡಿ. ನಿಜವಾದ ಅಪಾಯದ ಗುರುತು ಕಂಡರೆ, ಕಾಡುಕೋಣದ ಹೊಸ ಸಗಣಿಯೋ ಸಿಡಿಲೋ, ಓಡದೆ ಬಂದ ದಾರಿಯಲ್ಲೇ ಹೊರಗೆ ಬನ್ನಿ.

ಮರವನ್ನು ಅಪ್ಪಿಕೊಳ್ಳಿ ಎಂದು ಈಗ ಬಹಳ ಜನ ಹೇಳಿಕೊಡುತ್ತಾರೆ. ಅಪ್ಪಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಆ ಮಾತಿಗೊಂದು ಭಾರವಿದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ, ಹೆಂಗಸರು ಗಂಡಸರು, ಕಾಡಿಗೆ ಹೋಗಿ ಕೊಡಲಿ ಬೀಳಲಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಅದೇ ಅಪ್ಪಿಕೋ ಚಳವಳಿ. ಆಗ ನಾನು ಶಿಕ್ಷಕರ ತರಬೇತಿಯಲ್ಲಿದ್ದೆ, ಸುದ್ದಿ ಕೇಳಿ ಮೈ ಜುಮ್ಮೆಂದಿತ್ತು. ಅವರು ಅಪ್ಪಿಕೊಂಡದ್ದು ತಮಗೆ ಶಾಂತಿ ಸಿಗಲೆಂದಲ್ಲ, ಮರ ಉಳಿಯಲೆಂದು. ನಂಟು ಎಂದ ಮೇಲೆ ಕೊಡುವುದೂ ಇರಬೇಕು. ಹೋದಾಗ ಕಂಡ ಪ್ಲಾಸ್ಟಿಕ್ಕನ್ನು ಚೀಲಕ್ಕೆ ಹಾಕಿಕೊಂಡು ಬನ್ನಿ. ಹೂ, ಸೀತಾಳೆಯ ಗಿಡ, ಚಂದದ ಕಲ್ಲು ಎಂದು ಏನನ್ನೂ ಮನೆಗೆ ತರಬೇಡಿ. ಅಜ್ಜಿ ಉಪ್ಪಾಗೆ ಆರಿಸುವಾಗ ನೆಲಕ್ಕೆ ಬಿದ್ದದ್ದನ್ನು ಮಾತ್ರ ಹೆಕ್ಕುತ್ತಿದ್ದರು, ಅದರಲ್ಲೂ ಮೂರರಲ್ಲಿ ಒಂದು ಪಾಲು ಬಿಟ್ಟು ಬರುತ್ತಿದ್ದರು. ಆಮೇಲೆ ಉಪ್ಪಾಗೆಗೆ ಬೆಲೆ ಬಂದ ವರ್ಷಗಳಲ್ಲಿ ಜನ ಕೊಂಬೆಯನ್ನೇ ಕಡಿದು ಕಾಯಿ ಇಳಿಸಿದರು. ಆ ಬೋಳು ಮರಗಳನ್ನು ನೋಡಿ ಅಜ್ಜಿ ಊಟ ಬಿಟ್ಟದ್ದು ನನ್ನ ಕಣ್ಣ ಮುಂದಿದೆ.

ಮಂತ್ರ ಹೇಳಬಹುದೇ, ಧ್ಯಾನ ಮಾಡಬಹುದೇ ಎಂದು ಕೇಳುತ್ತಾರೆ. ರೂಢಿಯಿದ್ದರೆ ಆರಂಭದಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳಿ, ಆಮೇಲೆ ಅದನ್ನೂ ನಿಲ್ಲಿಸಿ ಕಿವಿ ಕೊಡಿ. ಸ್ಪೀಕರ್ ಹಚ್ಚಿ ಭಜನೆ ಹಾಕುವುದು ಬೇಡವೇ ಬೇಡ, ಅಲ್ಲಿ ಆಗಲೇ ಒಂದು ಭಜನೆ ನಡೆಯುತ್ತಿರುತ್ತದೆ.

ಒಂದೇ ಜಾಗಕ್ಕೆ ವರ್ಷವಿಡೀ ಹೋಗಿ ಎಂದೆನಲ್ಲ, ಹಾಗೆ ಹೋದರೆ ಏನು ಸಿಗುತ್ತದೆ ಎಂಬುದಕ್ಕೆ ನನ್ನ ಲೆಕ್ಕ ಹೇಳುತ್ತೇನೆ. ಮಳೆಗೆ ಮುಂಚಿನ ರಾತ್ರಿಗಳಲ್ಲಿ ಕಾನಿನ ಅಂಚಿನ ಒಂದೊಂದು ಮರಕ್ಕೆ ಸಾವಿರಾರು ಮಿಣುಕುಹುಳ. ಮೊದಲ ಮಳೆಯ ಮಣ್ಣಿನ ವಾಸನೆ, ಅದು ಮಣ್ಣಿನೊಳಗಿನ ಕಣ್ಣಿಗೆ ಕಾಣದ ಜೀವಿಗಳು ಬಿಡುವ ಪರಿಮಳವಂತೆ, ನನಗೆ ಆ ವಿಷಯ ತಿಳಿದ ಮೇಲೆ ವಾಸನೆ ಇನ್ನಷ್ಟು ಪ್ರೀತಿಯದಾಯಿತು. ಆಷಾಢದ ಕತ್ತಲಲ್ಲಿ ಕೆಲವು ಕೊಳೆತ ಕಡ್ಡಿಗಳು ಹಸಿರಾಗಿ ಮಿನುಗುತ್ತವೆ, ಅದು ಶಿಲೀಂಧ್ರದ ಬೆಳಕು. ಹಳ್ಳದ ಬದಿಯಲ್ಲಿ ನಸುಕಿಗೇ ಒಂದು ಹಕ್ಕಿ ಪೋರನೊಬ್ಬ ಮನಸ್ಸಿಗೆ ಬಂದಂತೆ ಸಿಳ್ಳು ಹಾಕಿದ ಹಾಗೆ ಹಾಡುತ್ತದೆ. ಆಶ್ವಯುಜದ ಭೂಮಿ ಹುಣ್ಣಿಮೆಗೆ ನಮ್ಮ ಕಡೆ ನೂರೊಂದು ಕುಡಿ ತರಬೇಕೆನ್ನುತ್ತಾರೆ. ಬೆಟ್ಟದಿಂದ ಬಗೆಬಗೆಯ ಎಳೆಯ ಸೊಪ್ಪು ತಂದು ಬೇಯಿಸಿ, ತೆನೆ ಹೊತ್ತ ಗದ್ದೆಗೆ ಬಸುರಿಗೆ ಬಡಿಸಿದಂತೆ ನಸುಕಿನಲ್ಲಿ ಬೀರಿ ಬರುತ್ತಾರೆ. ಆ ಕುಡಿ ಹುಡುಕುವ ನೆಪದಲ್ಲಿ ಎಷ್ಟು ಗಿಡಗಳ ಗುರುತಾಗುತ್ತದೆ ಹೇಳಲಾರೆ. ಮಾಗಿಯಲ್ಲಿ ಮಂಜು ಎಲೆಯಿಂದ ಎಲೆಗೆ ತೊಟ್ಟಿಕ್ಕಿ ಮಳೆಯಿಲ್ಲದೆಯೇ ಮಳೆ. ಆಮೇಲೆ ಮರಗಳ ಕೆಂಪು ಚಿಗುರು. ಆಮೇಲೆ ಸುರಗಿ.

ಇಷ್ಟಾದರೂ ಎಷ್ಟೋ ದಿನ ಏನೂ ಅನಿಸುವುದಿಲ್ಲ. ಕುಳಿತು, ಸೊಳ್ಳೆ ಓಡಿಸಿ, ಎದ್ದು ಬರುತ್ತೇನೆ. ಆ ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ. ನೆಂಟರ ಮನೆಗೆ ಹೋದ ಪ್ರತಿ ಸಲವೂ ಹೃದಯ ತುಂಬುವ ಮಾತೇ ಆಗುತ್ತದೆಯೇ? ಚಹಾ ಕುಡಿದು ಬರುವುದೂ ಉಂಟು.

ಹೊರಗೆ ಬಂದ ಮೇಲೆ ಕೂಡಲೇ ಮೊಬೈಲ್ ಹಚ್ಚಬೇಡಿ, ಕೂಡಲೇ ಮಾತಿಗೂ ತೊಡಗಬೇಡಿ. ಕಾಲು ತೊಳೆದು ಕಾಲು ತಾಸು ಸುಮ್ಮನಿರಿ. ನಾನು ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ದಿನಕ್ಕೆ ಒಂದೇ ಸಾಲು ಬರೆದಿಡುತ್ತೇನೆ. "ಬಿಸಿಲು. ಸುರಗಿಯ ಬುಡಕ್ಕೆ ಹಂದಿ ಕೆದರಿದೆ." ಅಷ್ಟೇ. ಏನನಿಸಿತು ಎಂದು ಬರೆಯುವುದಿಲ್ಲ, ಏನಿತ್ತು ಎಂದು ಮಾತ್ರ. ಅನಿಸಿದ್ದು ಆ ಸಾಲಿನ ಹಿಂದೆಯೇ ಉಳಿದಿರುತ್ತದೆ, ಓದಿದಾಗ ಮರಳಿ ಬರುತ್ತದೆ.

ಅಕ್ಕನ ಮಗಳು ಆಮೇಲೆ ಆರು ಸಲ ಬಂದಿದ್ದಾಳೆ. ಮೂರನೆಯ ಸಲ ಸುರಗಿಯ ಬುಡದಲ್ಲಿ ಮುಕ್ಕಾಲು ತಾಸು ಕುಳಿತಳು. ಏನಾಯಿತೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬೆಂಗಳೂರಿನಲ್ಲಿ ಅವಳ ಕಚೇರಿಯ ಹತ್ತಿರ ಒಂದು ಹೊಂಗೆಮರವನ್ನು ನೋಡಿಕೊಂಡಿದ್ದಾಳೆ, ಮಧ್ಯಾಹ್ನದ ಊಟದ ಹೊತ್ತಿಗೆ ಹತ್ತು ನಿಮಿಷ ಅದರ ಕೆಳಗೆ ನಿಲ್ಲುತ್ತಾಳಂತೆ. ಮೊನ್ನೆ ಸಂಕ್ರಾಂತಿಗೆ ಫೋನು ಮಾಡಿ ಎಳ್ಳುಬೆಲ್ಲದ ಮಾತು, ಅವಳಮ್ಮನ ಮಂಡಿನೋವಿನ ಮಾತು ಎಲ್ಲ ಮುಗಿದ ಮೇಲೆ ಕೇಳಿದಳು:

"ಚಿಕ್ಕಮ್ಮ, ಸುರಗಿ ಮೊಗ್ಗಾಯಿತೇ?"

"ಇನ್ನೂ ಇಲ್ಲ. ಗೆಲ್ಲಿನ ಮೇಲೆ ಸಾಸಿವೆಯಷ್ಟು ಗುಬುಟು ಕಾಣುತ್ತಿದೆ" ಎಂದೆ.

"ಕೀಳಬೇಡಿ, ನಾನು ಬರುತ್ತೇನೆ" ಎಂದಳು.